ಕೃಷಿಯಲ್ಲಿ ನಿರಂತರ ಕಲಿಕೆ (ನ್ಯಾಮತಿ ತಾಲ್ಲೂಕು)

ಕೃಷಿಯಲ್ಲಿ ನಿರಂತರ ಕಲಿಕೆ ಎಂದರೆ ಶಾಲಾ ವ್ಯಾಸಂಗ ಮುಗಿದ ಬಳಿಕವೂ ರೈತರು ಬೆಳೆ, ಮಣ್ಣು, ಕೀಟ ಮತ್ತು ರೋಗಗಳ ಕುರಿತು ಹೊಸ ತಿಳಿವಳಿಕೆ ಪಡೆಯುತ್ತಾ ಸಾಗುವುದು. ಇದರ ಅಗತ್ಯಕ್ಕೆ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಮುಖ್ಯ ಬೆಳೆಗಳಲ್ಲೊಂದಾದ ಮೆಕ್ಕೆಜೋಳ ಉತ್ತಮ ನಿದರ್ಶನ.

ಹೊಸ ಕೀಟ, ಹೊಸ ಪಾಠ

ಅಮೆರಿಕ ಖಂಡಗಳ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ 2018ರಲ್ಲಿ, ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಪತ್ತೆಯಾಯಿತು. ಈ ಭಾಗದ ರೈತರ ಪರಂಪರಾಗತ ಅನುಭವದಲ್ಲಿ ಈ ಕೀಟವಿರಲಿಲ್ಲ. ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಗುರುತೂ ಹಿಂತುದಿಯ ಬಳಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆಗಳೂ ಇರುತ್ತವೆ. ಅದು ಗಿಡದ ಸುಳಿಯೊಳಗೆ ಅಡಗಿ ತಿನ್ನುವುದರಿಂದ ಎಲೆಯ ಮೇಲಷ್ಟೇ ಬಿದ್ದ ಔಷಧ ಅದನ್ನು ತಲುಪುವುದಿಲ್ಲ. ಮೊಟ್ಟೆಗಳ ಗುಂಪನ್ನು ಕಂಡೊಡನೆ ನಾಶಪಡಿಸಿ, ಹುಳು ಚಿಕ್ಕದಿರುವಾಗಲೇ ಸುಳಿಗೆ ಸಿಂಪಡಿಸಬೇಕು. ತಡವಾದರೆ ಖರ್ಚು ಹೆಚ್ಚಿ ಇಳುವರಿ ಕುಸಿಯುತ್ತದೆ.

ಕಲಿಕೆಯ ಕೇಂದ್ರಗಳು

ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಹಾಗೂ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರ ರೈತರಿಗೆ ನೆರವಾಗುವ ಸಂಸ್ಥೆಗಳು. ಔಷಧದ ಡಬ್ಬಿಯ ಮೇಲಿನ ಸೂಚನೆ ಓದಿ ಪ್ರಮಾಣ ಅಳೆಯಲು ಗುಣಮಟ್ಟದ ಶಾಲಾ ಶಿಕ್ಷಣ ಬೇಕು. ಯಾವ ಹುಳುವಿಗೆ ಯಾವಾಗ ಸಿಂಪಡಿಸಬೇಕೆಂದು ಅರಿಯಲು ನಿರಂತರ ಕಲಿಕೆ ಬೇಕು. ಇವೆರಡೂ ಪರಸ್ಪರ ಪೂರಕ.