ದ್ಯೂತದಲ್ಲಿ ಆಟದ ಕ್ರಮ

ದ್ಯೂತದ ಫಲವು ಅಕ್ಷಗಳಿಂದಲೇ ನಿರ್ಣಯವಾಗುವುದೆಂದು ಸಾಮಾನ್ಯರ ಭಾವನೆ. ಪ್ರಾಚೀನ ಗ್ರಂಥಗಳನ್ನು ಪರಿಶೀಲಿಸಿದರೆ, ಆಟದ ಕ್ರಮವನ್ನು ಒಪ್ಪಿದಾಗಲೇ ಅದು ಬಹುಮಟ್ಟಿಗೆ ನಿರ್ಣೀತವಾಗುವುದೆಂದು ತೋರುತ್ತದೆ.

ಸಭಾಪರ್ವದಲ್ಲಿ ಪಣವನ್ನೊಡ್ಡುವವನು ದುರ್ಯೋಧನ, ಆಡುವವನು ಶಕುನಿ. ಒಬ್ಬನಿಗಾಗಿ ಮತ್ತೊಬ್ಬನಾಡುವುದು ವಿಷಮವೆಂದು ಧರ್ಮರಾಜನು ಬಾಯಿಬಿಟ್ಟು ಹೇಳಿಯೂ ಕುಳಿತನು; ಒಂದೊಂದಾಗಿ ಒಡ್ಡಿದುದೆಲ್ಲವನ್ನೂ ಸೋತನು. ಅನುದ್ಯೂತದಲ್ಲಾದರೋ ಪಣವೊಂದೇ: 12 ವರ್ಷಗಳ ವನವಾಸ, 1 ವರ್ಷದ ಅಜ್ಞಾತವಾಸ.

ನಳೋಪಾಖ್ಯಾನದ ಗತಿ ಬೇರೆ. ತಿಂಗಳುಗಟ್ಟಲೆ ಆಡಿ ರಾಜ್ಯವನ್ನು ಕಳೆದುಕೊಂಡ ನಳನು, ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದ ಬಳಿಕ, ಒಂದೇ ಪಣದ ಆಟವನ್ನು ತಾನಾಗಿ ಆರಿಸಿ ಪುಷ್ಕರನನ್ನು ಗೆದ್ದನು.

ಕೌಟಿಲ್ಯನು ಈ ಆಯ್ಕೆಯನ್ನು ಆಟಗಾರರಿಗೆ ಪೂರ್ಣವಾಗಿ ಬಿಡಲಿಲ್ಲ. ಅವನ ಅರ್ಥಶಾಸ್ತ್ರದಂತೆ ದ್ಯೂತವು ಒಂದೇ ಸ್ಥಳದಲ್ಲಿ ನಡೆಯತಕ್ಕದ್ದು, ತಪ್ಪಿದರೆ ದಂಡ 12 ಪಣ, ಅಕ್ಷಗಳನ್ನೊದಗಿಸುವವನು ದ್ಯೂತಾಧ್ಯಕ್ಷ, ಗೆದ್ದ ಧನದಲ್ಲಿ ನೂರಕ್ಕೆ 5 ಭಾಗ ಅವನಿಗೆ ಸಲ್ಲತಕ್ಕದ್ದು. ಹಸ್ತಿನಾಪುರದ ಸಭೆಯಲ್ಲಿ ಅಂತಹ ಮಧ್ಯಸ್ಥನಿರಲಿಲ್ಲ.

ಬೃಹದಶ್ವನು ಧರ್ಮರಾಜನಿಗೆ ಅಕ್ಷಹೃದಯವನ್ನು ಉಪದೇಶಿಸಿದುದು ವನದಲ್ಲಿ, ಎಲ್ಲವನ್ನೂ ಸೋತ ಮೇಲೆ. ಆದರೆ ಆಟದ ವೈಷಮ್ಯವನ್ನರಿಯಲು ಆ ವಿದ್ಯೆ ಬೇಕಿರಲಿಲ್ಲ. ಅದನ್ನು ಆತನು ಮೊದಲೇ ಅರಿತಿದ್ದನು. ಅರಿತೂ ನಿರಾಕರಿಸದುದೇ ಆತನ ಸೋಲಿಗೆ ಮೂಲವೆಂದು ನಮ್ಮ ಅಭಿಪ್ರಾಯ.