ರೋಗಿಯ ಖರ್ಚಿಗೊಂದು ಎಲ್ಲೆ

ವಿಮೆಯಿದ್ದೂ ಹಾಸಿಗೆ ಹಿಡಿದವನು ಸಾಲಗಾರನಾಗಬಹುದೆಂಬುದು ಅಮೆರಿಕದವರ ಬಹುಕಾಲದ ಅನುಭವ. ಅಲ್ಲಿನ ವಿಮೆಯ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವುದು ಒಂದೇ ಪ್ರಶ್ನೆ: ಎಲ್ಲೆ ಯಾರ ಹಣಕ್ಕೆ?

1929ರಲ್ಲಿ ಡಲ್ಲಾಸಿನ ಬೇಲರ್ ಆಸ್ಪತ್ರೆಯು ಉಪಾಧ್ಯಾಯರಿಂದ ತಿಂಗಳಿಗೆ 50 ಸೆಂಟು ಪಡೆದು, ವರ್ಷಕ್ಕೆ 21 ದಿನಗಳ ಆಸ್ಪತ್ರೆವಾಸವನ್ನು ಒದಗಿಸಿತು. ಎಲ್ಲೆ ಅಂದು ವಿಮೆಯ ನೆರವಿಗಿತ್ತು, ರೋಗಿಯ ಖರ್ಚಿಗಲ್ಲ. ಮುಂದೆ ಬಂದ ವಿಮೆಗಳಲ್ಲಿ ಮೊದಲ ಇಂತಿಷ್ಟು ಡಾಲರುಗಳನ್ನು ರೋಗಿಯೇ ತೆರಬೇಕು, ಆಮೇಲಿನದರಲ್ಲೂ ಒಂದು ಪಾಲು ಅವನದೇ ಎಂಬ ಪದ್ಧತಿ ನೆಲೆಗೊಂಡಿತು. ಬಿಟ್ಟಿ ಸಿಕ್ಕಿದ್ದನ್ನು ಜನ ಪೋಲು ಮಾಡುತ್ತಾರೆಂಬುದು ಅದರ ತರ್ಕ. ನೆಗಡಿಗೆ ಒಪ್ಪಬಹುದು, ಹೃದ್ರೋಗಿಗೆ ಹೇಳುವ ಮಾತಲ್ಲ.

ಸ್ವಾರಸ್ಯವಿರುವುದು 1988ರ ಕಥೆಯಲ್ಲಿ. ವೃದ್ಧರಿಗಾಗಿ 1965ರಲ್ಲಿ ಸ್ಥಾಪಿಸಿದ ಮೆಡಿಕೇರ್ ಯೋಜನೆಯಲ್ಲಿ ರೋಗಿಯ ಪಾಲಿಗೆ ಮೇರೆಯೇ ಇರಲಿಲ್ಲ. ಆ ಮೇರೆಯನ್ನು ಕಟ್ಟಲು ಅಲ್ಲಿನ ಕಾಂಗ್ರೆಸ್ಸು ಕಾನೂನು ಮಾಡಿತು. ಅಧ್ಯಕ್ಷ ರೇಗನ್ ಸಹಿ ಹಾಕಿದರು. ಆದರೆ ಅದರ ವೆಚ್ಚವನ್ನು ವೃದ್ಧರೇ ಹೊರಬೇಕಿತ್ತು. ಅವರಲ್ಲಿ ಸ್ಥಿತಿವಂತರು 1989ರಲ್ಲಿ 800 ಡಾಲರುಗಳವರೆಗೆ ಹೆಚ್ಚಿನ ತೆರಿಗೆ ಕೊಡಬೇಕಾಗಿ ಬಂತು. ಬೇರೆ ವಿಮೆಯ ರಕ್ಷಣೆ ಅವರಲ್ಲಿ ಅನೇಕರಿಗೆ ಮೊದಲೇ ಉಂಟು! ಆಗಸ್ಟಿನಲ್ಲಿ ಷಿಕಾಗೋದ ಮುದುಕರೂ ಮುದುಕಿಯರೂ ಸೇರಿ ರೊಸ್ಟೆನ್‌ಕೌಸ್ಕಿ ಎಂಬ ಪ್ರಭಾವಶಾಲಿ ಸದಸ್ಯರ ಕಾರನ್ನು ಅಡ್ಡಗಟ್ಟಿದರು. ಮಹಾಶಯರು ಇಳಿದು ಓಡಬೇಕಾಯಿತು. ವರ್ಷ ಕಳೆಯುವಷ್ಟರಲ್ಲಿ ಕಾನೂನೇ ರದ್ದು. ವೈದ್ಯರ ವೆಚ್ಚಕ್ಕೆ 1990ರಲ್ಲಿ ಬರಬೇಕಿದ್ದ ಎಲ್ಲೆ ಬರಲೇ ಇಲ್ಲ.

ಒಬಾಮರ ಕಾಲದ 2010ರ ಕಾನೂನು ಹಳೆಯ ಲೆಕ್ಕವನ್ನು ತಿರುವುಹಾಕಿತು. ಜೀವಮಾನಕ್ಕೆ ಇಷ್ಟೇ ಕೊಡುವೆವೆಂದು ವಿಮಾ ಕಂಪನಿ ಹೇಳುವಂತಿಲ್ಲ. ಹೊಸ ವಿಮೆಗಳಲ್ಲಿ ರೋಗಿಯ ವಾರ್ಷಿಕ ಪಾಲೂ ಗೊತ್ತಾದ ಮೊತ್ತವನ್ನು ಮೀರುವಂತಿಲ್ಲ. ಆ ಮೊತ್ತ ಒಬ್ಬರಿಗೆ 2014ರಲ್ಲಿ 6,350 ಡಾಲರು, 2025ರಲ್ಲಿ 9,200. ಚಿಕಿತ್ಸೆಗೆ 1,00,000 ಡಾಲರಾಯಿತೆನ್ನಿ. ಮೊದಲ 2,000, ಉಳಿದುದರಲ್ಲಿ ಐದರಲ್ಲೊಂದು ಪಾಲು ರೋಗಿಯದೆಂದರೆ 21,600 ಆದೀತು. 2025ರ ಎಲ್ಲೆಯಿಂದಾಗಿ ಅದು 9,200ಕ್ಕೆ ನಿಲ್ಲುತ್ತಿತ್ತು. ಆದರೆ ವಿಮೆಯ ಕಂತು ಈ ಲೆಕ್ಕಕ್ಕೆ ಸೇರದು. ಕಂಪನಿಯೊಡನೆ ಒಪ್ಪಂದವಿಲ್ಲದ ಆಸ್ಪತ್ರೆಯ ಬಿಲ್ಲೂ ಸಾಮಾನ್ಯವಾಗಿ ಸೇರದು. ವಿಮೆಯ ವರ್ಷ ತಿರುಗಿತೋ, ಎಣಿಕೆ ಮತ್ತೆ ಸೊನ್ನೆಯಿಂದ. ಡಿಸೆಂಬರಿನಲ್ಲಿ ಮಲಗಿದವನು ಜನವರಿಯಲ್ಲಿ ಎರಡನೆಯ ಸಲ ತೆರಬೇಕಾದೀತು. ಕಾಯಿಲೆಗೆ ಪಂಚಾಂಗ ಗೊತ್ತೆ?

ಇನ್ನು ಆ ವೃದ್ಧರ ವಿಷಯ. ಖಾಸಗಿ ಕಂಪನಿಗಳ ಮೂಲಕ ಮೆಡಿಕೇರ್ ಪಡೆಯುವವರಿಗೆ ಈಗ ಎಲ್ಲೆಯುಂಟು. ಔಷಧಿಗಳ ವಿಮೆಗೂ 2025ರಲ್ಲಿ 2,000 ಡಾಲರುಗಳ ಎಲ್ಲೆ ಬಂತು. ಸರಕಾರದ ಮೂಲ ಯೋಜನೆಯಲ್ಲಿ ಮಾತ್ರ ಆಸ್ಪತ್ರೆಗೂ ವೈದ್ಯರಿಗೂ ತೆರುವ ಹಣಕ್ಕೆ 1989ರಲ್ಲಿ ತಪ್ಪಿಹೋದದ್ದು ಇನ್ನೂ ಮರಳಿಲ್ಲ.