ಹೊಲದಿಂದ ಬಾಗಲಗುಂಟೆಯವರೆಗೆ: ಕಡುಬಡತನ ನೀಗುವ ಯೋಚನೆಗಳ ನಡಿಗೆ

ತುಮಕೂರು ರಸ್ತೆಯ ಆಚೀಚಿನ ಹಳ್ಳಿಗಳಲ್ಲಿ ಬಾಗಲಗುಂಟೆಯೂ ಒಂದಾಗಿತ್ತು. 1970ರ ದಶಕದಲ್ಲಿ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳು ಬೇರೂರಿದ ಮೇಲೆ ಸುತ್ತಲಿನ ಹೊಲ, ತೋಟಗಳು ವಠಾರಗಳಾದವು. 2007ರಲ್ಲಿ ದಾಸರಹಳ್ಳಿ ಪ್ರದೇಶ ಬೆಂಗಳೂರು ಪಾಲಿಕೆಯಲ್ಲಿ ಸೇರಿಹೋಯಿತು. ಲೇತ್ ಯಂತ್ರದ ಮುಂದೆ ನಿಲ್ಲುವವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ಕಟ್ಟಡದ ಕೆಲಸದವರು ಇಂಥ ಬಡಾವಣೆಗಳಲ್ಲಿ ಬಾಡಿಗೆಗೆ ಇರುತ್ತಾರೆ. ಇವರಲ್ಲಿ ಬಹಳ ಮಂದಿ ಹಳ್ಳಿಯ ಬಡತನ ತಾಳಲಾರದೆ ಬಂದವರು. ಹಳ್ಳಿಯಲ್ಲೇ ಅವರ ಬಡತನ ನೀಗಬೇಕೆಂದು ಒಂದು ಶತಮಾನದಿಂದ ಹಲವು ಯೋಜನೆಗಳು ನಡೆದಿವೆ. ಅವುಗಳಲ್ಲಿ ಯಾವುದು ಎಷ್ಟು ಫಲಿಸಿತು, ಯಾರನ್ನು ಬಿಟ್ಟುಬಿಟ್ಟಿತು ಎಂದು ನೋಡುವುದು ಈ ಲೇಖನದ ಉದ್ದೇಶ.

ಸಾಲದ ಉರುಳು, ಸಹಕಾರದ ಉತ್ತರ

ನಮ್ಮಲ್ಲಿ ಮೊದಲು ಕೈಹಾಕಿದ್ದು ಸಾಲಕ್ಕೆ. ಬರ ಬಂದಾಗ ಸಾಹುಕಾರನ ಬಡ್ಡಿಗೆ ಹೊಲ ಬರೆದುಕೊಟ್ಟ ರೈತ ಮರುವರ್ಷ ಅದೇ ಹೊಲದಲ್ಲಿ ಕೂಲಿಯಾಗುತ್ತಿದ್ದ. 1904ರ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಊರಿನವರೇ ಹಣ ಕೂಡಿಸಿ ಊರಿನವರಿಗೇ ಕೊಡುವ ಈ ಕ್ರಮ ನಾಡಿನ ಉದ್ದಗಲಕ್ಕೂ ಹಬ್ಬಿತು. ಆದರೆ ಸಂಘದಲ್ಲಿ ಸಾಲ ಸಿಗಬೇಕಾದರೆ ಪಹಣಿಯಲ್ಲಿ ಹೆಸರಿರಬೇಕಿತ್ತು. ಗೇಣಿದಾರನಿಗೂ ಜೀತದಾಳಿಗೂ ಆ ಬಾಗಿಲು ತೆರೆಯಲಿಲ್ಲ.

ಉಳುವವನಿಗೆ ಭೂಮಿ

ಆ ಬಾಗಿಲು ತೆರೆಯಲು ಭೂಮಿಯ ಪ್ರಶ್ನೆಯನ್ನೇ ಎತ್ತಬೇಕಾಯಿತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ನಡೆಸಿದ ಸತ್ಯಾಗ್ರಹ ಅದಕ್ಕೆ ದನಿ ಕೊಟ್ಟಿತು. 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂದರೂ ಅದಕ್ಕೆ ಹಲ್ಲು ಬಂದದ್ದು ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರು ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ. ಗೇಣಿ ಪದ್ಧತಿ ರದ್ದಾಯಿತು. ತಾಲೂಕು ತಾಲೂಕಿನಲ್ಲಿ ಭೂನ್ಯಾಯ ಮಂಡಳಿಗಳು ಕುಳಿತವು, ಅವುಗಳ ಮುಂದೆ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅಂಥ ಅರ್ಜಿಯಿಂದ ದಕ್ಕಿದ ಭೂಮಿಯನ್ನು ಕರಾವಳಿ ಮತ್ತು ಮಲೆನಾಡಿನ ಹಿರಿಯರು ಇಂದಿಗೂ ‘ಡಿಕ್ಲರೇಶನ್ ಕೊಟ್ಟು ಬಂದ ಗದ್ದೆ’ ಎನ್ನುತ್ತಾರೆ. ಆ ಗದ್ದೆಯ ಬಲದಿಂದ ಒಂದು ತಲೆಮಾರು ಶಾಲೆ ಕಂಡಿತು. ಜೀತ ವಿಮುಕ್ತಿ ಮತ್ತು ಋಣ ಪರಿಹಾರದ ಕಾಯ್ದೆಗಳೂ ಅದೇ ದಶಕದವು.

ಗೇಣಿ ದಟ್ಟವಾಗಿದ್ದ ಕರಾವಳಿ, ಮಲೆನಾಡುಗಳಲ್ಲಿ ಈ ಸುಧಾರಣೆ ದೊಡ್ಡ ಬದಲಾವಣೆಯನ್ನೇ ತಂದಿತು. ಬಯಲುಸೀಮೆಯಲ್ಲಿ, ಕಲ್ಯಾಣ ಕರ್ನಾಟಕದಲ್ಲಿ ಗೇಣಿಗಿಂತ ಕೂಲಿಯೇ ಹೆಚ್ಚು. ಅಲ್ಲಿ ಉಳುಮೆಯ ದಾಖಲೆಯೇ ಇಲ್ಲದ ದಲಿತ ಕೂಲಿಕಾರನಿಗೆ ದಕ್ಕಿದ್ದು ಅಲ್ಪ. 1971ರಲ್ಲಿ ಭಾರತದ ಬಡತನ ಕುರಿತು ಬರೆದ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಇದನ್ನು ಮುಂಗಂಡಿದ್ದರು. ಇರುವ ಭೂಮಿ ಹಂಚಿದರೆ ಎಲ್ಲರ ಬಡತನ ನೀಗದು, ದುಡಿಯಲು ಸಿದ್ಧರಿರುವವರಿಗೆ ಸರ್ಕಾರವೇ ಕೆಲಸ ಒದಗಿಸಬೇಕು ಎಂಬುದು ಅವರ ವಾದ.

ಸಂಘದ ಹೆಂಗಸರು

ಭೂಮಿಯಿಲ್ಲದವರಿಗೆ ಅಡಮಾನವಿಲ್ಲದೆ ಸಾಲ ಕೊಡಬಹುದೆಂದು ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ತೋರಿಸುತ್ತಿದ್ದರು. 1983ರಲ್ಲಿ ಅವರ ಗ್ರಾಮೀಣ ಬ್ಯಾಂಕ್ ವಿಧಿವತ್ತಾಗಿ ಸ್ಥಾಪನೆಯಾಯಿತು. ಕರ್ನಾಟಕ ಹಿಡಿದ ದಾರಿ ಬೇರೆ. ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು 1984–85ರಲ್ಲಿ ಒಡೆದಾಗ, ಒಬ್ಬರನ್ನೊಬ್ಬರು ನಂಬುವವರು ಸಣ್ಣ ಗುಂಪುಗಳಲ್ಲಿ ಕೂಡಿಕೊಂಡರು. ಮೊದಲು ಉಳಿತಾಯ, ಆಮೇಲೆ ಸಾಲ. ಯಾರಿಗೆ ಎಷ್ಟು ಎಂಬುದು ಗುಂಪಿನದೇ ತೀರ್ಮಾನ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಅದನ್ನು ಊರೂರಿಗೆ ಒಯ್ದಿತು. ‘ಸಂಘಕ್ಕೆ ಹೋಗಿ ಬರ್ತೀನಿ’ ಎಂದು ಮನೆಯಲ್ಲಿ ಹೇಳಿ ಹೊರಡುವ ಹೆಂಗಸು ಪಂಚಾಯಿತಿಯಲ್ಲೂ ಮಾತಾಡಲು ಕಲಿತಳು. ನನ್ನ ಲೆಕ್ಕದಲ್ಲಿ ಈ ಚಳವಳಿಯ ನಿಜವಾದ ಗಳಿಕೆ ಅದೇ.

ಸಾಲ ಮಾತ್ರ ಬಡತನವನ್ನು ನೀಗಲಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ ಕೊಳೆಗೇರಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಕಿರುಸಾಲದಿಂದ ಕೆಲವರ ವ್ಯಾಪಾರ ಬೆಳೆದರೂ ಸರಾಸರಿ ಕುಟುಂಬದ ಖರ್ಚು, ಆರೋಗ್ಯ, ಶಿಕ್ಷಣದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಖಾಸಗಿ ಮೈಕ್ರೋಫೈನಾನ್ಸ್ ಬಂದ ಮೇಲೆ ವಾರದ ಕಂತಿನವರು ಮನೆ ಬಾಗಿಲಿಗೆ ಬಂದು ಕೂರತೊಡಗಿದರು. ವಸೂಲಿಯ ಕಾಟ ಮಿತಿಮೀರಿದಾಗ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಣಗಿನಹಾಳದವರು ಬಿಡಿಸಲು ಹೊರಟ ಉರುಳು ಬೇರೆ ಕೈಗೆ ಹೋಗಿತ್ತು, ಅಷ್ಟೇ.

ಕೆಲಸ ಮತ್ತು ಅನ್ನ ಹಕ್ಕಾದದ್ದು

ದಾಂಡೇಕರ್–ರಥ್ ಕೇಳಿದ ಕೆಲಸದ ಖಾತರಿಯನ್ನು ಮಹಾರಾಷ್ಟ್ರ 1970ರ ದಶಕದ ಬರಗಾಲದಲ್ಲಿ ಆರಂಭಿಸಿತ್ತು. ದೇಶಕ್ಕೆ ಅದು ಕಾನೂನಾದದ್ದು 2005ರಲ್ಲಿ: ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ. 2006ರ ಮೊದಲ ಹಂತದಲ್ಲಿ ಕರ್ನಾಟಕದ ಐದು ಜಿಲ್ಲೆಗಳಿದ್ದವು: ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಈ ಆಯ್ಕೆ ತಪ್ಪಾಗಿರಲಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ ವಿಭಾಗದವೇ.

ಅನ್ನದ ವಿಷಯದಲ್ಲೂ ಇದೇ ನಡೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳ ಶಾಲೆಗಳಿಗೆ ಬಿಸಿಯೂಟ ತಂದಿತು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು, ಅದೇ ವರ್ಷ ಸಂಸತ್ತು ಆಹಾರ ಭದ್ರತಾ ಕಾಯ್ದೆ ಮಾಡಿತು. ಯಾರದೋ ಔದಾರ್ಯವಾಗಿದ್ದದ್ದು ಕೇಳಿ ಪಡೆಯುವ ಹಕ್ಕಾದದ್ದು ಈ ಘಟ್ಟದ ದೊಡ್ಡ ಸಾಧನೆ.

ಕೈಗೆ ನಗದು

ಬಡವರ ಕೈಗೆ ನೇರ ಹಣ ಕೊಡುವ ಕ್ರಮವನ್ನು ಮೆಕ್ಸಿಕೊ 1997ರಲ್ಲಿ, ಬ್ರೆಜಿಲ್ 2003ರಲ್ಲಿ ದೊಡ್ಡದಾಗಿ ಕೈಗೊಂಡವು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಿಂದ ಇನ್ನೊಂದು ಮಾರ್ಗ ಹಿಡಿಯಿತು: ಕಡುಬಡ ಹೆಂಗಸಿಗೆ ಹಸುವೋ ಮೇಕೆಯೋ ಕೊಟ್ಟು, ಕೆಲಕಾಲ ಊಟದ ಖರ್ಚು ಕೊಟ್ಟು, ತರಬೇತಿ ಕೊಟ್ಟು, ವರ್ಷಗಟ್ಟಲೆ ಜೊತೆಗೆ ನಿಲ್ಲುವುದು. ಭಾರತವೂ ಸೇರಿ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನೆರವು ನಿಂತ ಒಂದು ವರ್ಷದ ಮೇಲೂ ಕುಟುಂಬಗಳ ಸ್ಥಿತಿ ಸುಧಾರಿಸಿಯೇ ಇತ್ತು. ಕರ್ನಾಟಕದಲ್ಲಿ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತಿದೆ. ‘ಬಿಟ್ಟಿ ಭಾಗ್ಯ’ ಎಂದು ಹಳಿಯುವವರು ಆ ಹಣ ಅಕ್ಕಿ, ಔಷಧಿ, ಮಕ್ಕಳ ಫೀಸಿಗೆ ಹೋಗುವುದನ್ನು ನೋಡಬೇಕು.

ಅಂಕಿಗಳು ಇಳಿದಿವೆ

ಇವೆಲ್ಲದರ ಜೊತೆಗೆ ಆರ್ಥಿಕ ಬೆಳವಣಿಗೆಯೂ ಸೇರಿ ಬಡತನ ಇಳಿದಿರುವುದು ನಿಜ. ನೀತಿ ಆಯೋಗದ ಬಹುಆಯಾಮ ಬಡತನದ ಲೆಕ್ಕದಲ್ಲಿ 2015–16ರಿಂದ 2019–21ರ ನಡುವೆ ದೇಶದ ಪ್ರಮಾಣ ಶೇ. 24.85ರಿಂದ 14.96ಕ್ಕೆ, ಕರ್ನಾಟಕದ್ದು ಶೇ. 12.77ರಿಂದ 7.58ಕ್ಕೆ ಬಂದಿದೆ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ಗೆರೆಯನ್ನು ದಿನಕ್ಕೆ 3 ಡಾಲರಿಗೆ ಏರಿಸಿತು. ಆ ಗೆರೆಯಲ್ಲೂ ಭಾರತದಲ್ಲಿ 2011–12ರ ಶೇ. 27.1, 2022–23ರ ಹೊತ್ತಿಗೆ ಶೇ. 5.3 ಆಗಿದೆ. ಆದರೆ ಗೆರೆ ದಾಟಿದವನು ಒಂದು ಆಸ್ಪತ್ರೆಯ ಬಿಲ್ಲಿಗೆ ಮತ್ತೆ ಅದರ ಕೆಳಗೆ ಬೀಳಬಲ್ಲ.

ಗುಳೆ ಬಂದವರ ಪ್ರಶ್ನೆ

ಈ ಯೋಜನೆಗಳು ಯಾರನ್ನು ಬಿಟ್ಟುಬಿಟ್ಟವು ಎಂಬ ಪ್ರಶ್ನೆ ಬಾಗಲಗುಂಟೆಯಂಥ ಕಡೆ ಮುಖಕ್ಕೆ ರಾಚುತ್ತದೆ. ಭೂಮಿ, ಸಂಘ, ಉದ್ಯೋಗ ಖಾತರಿ, ಎಲ್ಲವೂ ಊರಿನ ವಿಳಾಸಕ್ಕೆ ಕಟ್ಟುಬಿದ್ದವು. ಗುಳೆ ಬಂದ ಕುಟುಂಬಕ್ಕೆ ಇಲ್ಲಿ ವಿಳಾಸವೆಂದರೆ ಬಾಡಿಗೆ ಕೋಣೆ, ಅದೂ ವರ್ಷಕ್ಕೊಮ್ಮೆ ಬದಲಾಗುತ್ತದೆ. ಖಾತರಿ ಯೋಜನೆ ನಗರಕ್ಕೆ ಅನ್ವಯಿಸದು. ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಹೆಂಗಸಿಗೆ ಗೃಹಲಕ್ಷ್ಮಿಯೂ ಇಲ್ಲ.

ನಗರ ಕೊಟ್ಟ ಉತ್ತರಗಳೂ ಇವೆ. 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು, ಯಾರ ಚೀಟಿಯನ್ನೂ ಕೇಳಲಿಲ್ಲ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಿಂದ ಬಿಹಾರದ ಚೀಟಿಗೆ ಇಲ್ಲಿಯೂ ಧಾನ್ಯ ಸಿಗಬಹುದು. ದುಡಿಯುವವರು ತಾವೇ ಗೆದ್ದುಕೊಂಡದ್ದೂ ಇದೆ. 58 ವರ್ಷ ತುಂಬುವವರೆಗೆ ಪಿಎಫ್‌ನಲ್ಲಿನ ಮಾಲೀಕರ ಪಾಲನ್ನು ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಹೊಸೂರು ರಸ್ತೆಯಂತೆ ಜಾಲಹಳ್ಳಿ ಕ್ರಾಸ್, ಪೀಣ್ಯದ ಬಳಿಯ ತುಮಕೂರು ರಸ್ತೆಯೂ ಸ್ತಬ್ಧವಾಯಿತು. ಎರಡೇ ದಿನದಲ್ಲಿ ಕೇಂದ್ರ ನಿಯಮ ಕೈಬಿಟ್ಟಿತು. ಕೆಲಸ ಹೋದಾಗ, ಮಗಳ ಮದುವೆಗೆ, ಕಾಯಿಲೆಗೆ ಆ ಹಣವೇ ಅವರ ಆಧಾರ ಎಂಬುದು ನಿಯಮ ಬರೆದವರಿಗೆ ತಿಳಿದಿರಲಿಲ್ಲ.

ಈ ನಡಿಗೆಯಿಂದ ನನಗೆ ಒಂದು ತೀರ್ಮಾನ ಸ್ಪಷ್ಟ. ಕಾನೂನಿನ ಬಲವಿದ್ದ, ಬಡವರೇ ಕೇಳಿ ಪಡೆಯಬಲ್ಲ ಹಕ್ಕುಗಳು ಬಡತನವನ್ನು ತಗ್ಗಿಸಿವೆ. ದಾನವಾಗಿ ಬಂದವು ಸರ್ಕಾರ ಬದಲಾದಂತೆ ಸೊರಗಿವೆ. ಇನ್ನು ಮುಂದಿನ ಕೆಲಸ ಆ ಹಕ್ಕುಗಳನ್ನು ಊರಿನಿಂದ ಬಿಡಿಸಿ ಮನುಷ್ಯನ ಜೊತೆಗೆ ಕಳಿಸುವುದು: ಗುಳೆ ಬಂದವರಿಗೆ ಬಂದಲ್ಲೇ ಪಡಿತರ, ಇಎಸ್‌ಐ, ಮಕ್ಕಳಿಗೆ ಶಾಲೆ, ನಗರದಲ್ಲೂ ಕೆಲಸದ ಖಾತರಿ, ಬದುಕಲು ಸಾಲುವಷ್ಟು ಕನಿಷ್ಠ ವೇತನ. ಕಡುಬಡತನ ಅಳಿಸಲು ವಿಶ್ವಸಂಸ್ಥೆ ಇಟ್ಟ ಗಡುವು 2030. ಓಟು ಕೇಳಲು ಬರುವ ಪ್ರತಿಯೊಬ್ಬರ ಮುಂದೆಯೂ ಈ ಬೇಡಿಕೆಗಳ ಪಟ್ಟಿಯನ್ನು ಇಡೋಣ.